ಒಂಬತ್ತು ಸೆಕೆಂಡು

ಲ್ಯಾಬಿನ ರಿಜಿಸ್ಟರಿನಲ್ಲಿ ಸಹಿ ಹಾಕಿ ತಂದದ್ದು:
ಸ್ಟಾಪ್‌ವಾಚು ಒಂದು, ಕ್ಲಿಪ್ಪಿನ ರಟ್ಟು ಒಂದು.
ಐದನೇ ಸೆಮಿಸ್ಟರು, ಪ್ರಯೋಗ ನಾಲ್ಕು:
ಯಾವುದಾದರೂ ಕೈಕೆಲಸವನ್ನು
ಬಿಡಿಬಿಡಿಯಾಗಿ ಒಡೆದು, ಕಾಲ ಅಳೆದು ಬರೆಯಿರಿ.
ಮಿಕ್ಕವರು ಮೇಟಗಳ್ಳಿಯ ವರ್ಕ್‌ಶಾಪುಗಳಿಗೆ ಹೋದರು.
ನಾನು ಕ್ಯಾತಮಾರನಹಳ್ಳಿಯಲ್ಲೇ, ನಮ್ಮದೇ ವಠಾರದಲ್ಲಿ,
ನಲ್ಲಿಯಿಂದ ಎರಡನೇ ಬಾಗಿಲು,
ದೇವೀರಮ್ಮನ ಎದುರು ಮಂಡಿ ಮಡಚಿ ಕೂತೆ.

ಮಣೆಯ ಎಡಕ್ಕೆ ಬಿದಿರುಕಡ್ಡಿ, ಬಲಕ್ಕೆ ಕಪ್ಪು ಹಿಟ್ಟು,
ತಟ್ಟೆಯಲ್ಲಿ ಜಿಗಟಿನ ಪುಡಿ, ಚೊಂಬಿನಲ್ಲಿ ನೀರು.
ಪರಿಮಳ ಇಲ್ಲಿಲ್ಲ.
ಅದನ್ನು ಹಾಕುವುದು ಬೇರೆ ಕಡೆ, ಬೇರೆಯವರು,
ಇಲ್ಲಿ ಬರೀ ಒದ್ದೆ ಇದ್ದಿಲ ವಾಸನೆ.

ಕಡ್ಡಿ ಎತ್ತು. ಹಿಟ್ಟು ಚಿವುಟು. ಹೊಸೆ.
ಪುಡಿಯಲ್ಲಿ ಹೊರಳಿಸು. ಇಡು.
ಐದು ತುಂಡು, ಐದು ಕಾಲಮ್ಮು.
ಒಂದು ಕಡ್ಡಿಗೆ ಒಂಬತ್ತು ಸೆಕೆಂಡು.
ಮತ್ತೆ ಒಂಬತ್ತು. ಮತ್ತೆ ಒಂಬತ್ತು. ಒಂಬತ್ತೂಕಾಲು.
ಇಪ್ಪತ್ತು ಸಲ ಅಳೆದರೂ ಮಿಸುಕದ ಅಂಕಿ,
ನಮ್ಮ ಲ್ಯಾಬಿನ ಮಿಷನ್ನೂ ಇಷ್ಟು ನೆಟ್ಟಗೆ ನಡೆಯುವುದಿಲ್ಲ.
ಹಿಗ್ಗಿ ಹೀರೇಕಾಯಾದೆ.

ಆಮೇಲೆ ಅವಳಿಗೊಂದು ಫೋನು ಬಂತು.
ಕೆ.ಆರ್. ನಗರದಿಂದ ತಂಗಿ, ಮಗಳ ಬಾಣಂತನ.
ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು
ಮೆಣಸಿನ ಸಾರು, ಬೆಳ್ಳುಳ್ಳಿ, ನೆತ್ತಿಗೆ ಎಣ್ಣೆ
ಎಂದು ಹೇಳುತ್ತಾ ಹೋದಳು. ಕೈ ಅದರ ಪಾಡಿಗೆ ಅದು.
ವಾಚು ನನ್ನ ಮಡಿಲಲ್ಲಿತ್ತು, ಒತ್ತಲಿಲ್ಲ.
ಅಂಗೈ ಮಣೆಗೆ ಉಜ್ಜುವ ಸರ್ ಸರ್ ಸದ್ದನ್ನು
ಕಿವಿಯೇ ಎಣಿಸಿತು:
ಐದೂವರೆ. ಆರು. ಐದೂವರೆ.

ಫೋನಿಟ್ಟು ನನ್ನ ಮುಖ ನೋಡಿದಳು.
ಕೈ ಒಂಬತ್ತಕ್ಕೆ ವಾಪಸಾಯಿತು.

"ಮೊದಲು ಬರ್ಕಂಡಿದ್ಯಲ್ಲ, ಅದನ್ನೇ ಇಟ್ಕೊ ಸವಿತಾ.
ಕಂಪ್ನೀಲಿ ಕೂತು ಹೊಸೀತಿದ್ದಾಗ ಒಬ್ಬ ಬಂದಿದ್ದ,
ಇಂಥದ್ದೇ ಗಡಿಯಾರ, ಇನ್ನೊಸಿ ದೊಡ್ಡದು.
ಫೋಟೋನೂ ಹಿಡೀತಾನೆ ಅಂತ ತಲೆ ಬಾಚ್ಕಂಡು
ಪೈಪೋಟಿಗೆ ಬಿದ್ದು ಹೊಸೆದೋ ಐದ್ ಜನ.
ಮುಂದಿನ ತಿಂಗಳಿಂದ
ಸಾವಿರಕ್ಕೆ ಎರಡು ರೂಪಾಯಿ ಕಮ್ಮಿ.
ಆವತ್ತಿಂದ ಗಡಿಯಾರ ಕಂಡ್ರೆ ಈ ಕೈ
ಮುಟ್ಟಿದರೆ ಮುನಿ ಆಯ್ತದೆ, ನಾನೇನ್ ಮಾಡ್ಲಿ?"

ಹಾಗೆಂದವಳೇ ವಾಚು ಕಿತ್ತುಕೊಂಡಳು.
"ಈಗ ನೀನ್ ಹೊಸೆ, ನಾನ್ ಒತ್ತೀನಿ."
ನಲವತ್ತೊಂದು ಸೆಕೆಂಡು.
ಇಲಿ ನುಂಗಿದ ಹಾವಿನಂತೆ ನನ್ನ ಕಡ್ಡಿ.
"ಸಂಬಳ ಇಲ್ಲ ಹೋಗು," ಎಂದು
ಕಣ್ಣೊರೆಸಿಕೊಂಡು ನಕ್ಕಳು, ಕೆನ್ನೆಯೆಲ್ಲ ಮಸಿ.

ರಾತ್ರಿ ಪುಸ್ತಕ ಬಿಚ್ಚಿದೆ. ವಿನಾಯಿತಿಗಳ ಪಟ್ಟಿ:
ಆಯಾಸಕ್ಕೆ ಶೇಕಡಾ ಇಷ್ಟು, ಸ್ವಂತದ ಅಗತ್ಯಕ್ಕೆ ಇಷ್ಟು,
ನಿಂತರೆ ಇಷ್ಟು, ಬಾಗಿದರೆ ಇಷ್ಟು.
ಹಿಂದೊಮ್ಮೆ ಮೋಸ ಹೋದದ್ದಕ್ಕೆ ಎಷ್ಟು?
ಕೊಟ್ಟಿಲ್ಲ. ಪರಿಶಿಷ್ಟವನ್ನೂ ನೋಡಿದೆ.

"ಒಂಬತ್ತು?" ಎಂದರು ನಿಂಗರಾಜೇ ಅರಸ್ ಸರ್.
"ಇಪ್ಪತ್ತು ವರ್ಷ ಪಳಗಿದ ಕೈ ಅಂತೀಯ,
ವೇಗ ಮಾತ್ರ ಸಾಧಾರಣ ಅಂತೀಯ."
ಹೂಂ ಸರ್, ಎಂದೆ.
ಹಾಳೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ
ಸಹಿ ಹಾಕಿದರು.
ಅವರ ತಾಯಿ ಏನು ಕೆಲಸ ಮಾಡುತ್ತಿದ್ದರೋ
ನಾನು ಕೇಳಿಲ್ಲ.

ಬರುವ ಜೂನಿಗೆ ನನ್ನ ಕೊರಳಿಗೂ ಗುರುತಿನ ಚೀಟಿ,
ನಂಜನಗೂಡು ರಸ್ತೆಯ ಯಾವುದೋ ಗೇಟು,
ಕಂಪನಿಯೇ ಕೊಡುವ ಹೊಸ ವಾಚು.
ಯಾರದೋ ಕೈ ನನ್ನ ಹೆಜ್ಜೆ ಸದ್ದಿಗೇ ಮುದುಡುತ್ತದೆ.
ಅಂದು ನಾನು ಏನು ಬರೆಯುತ್ತೇನೆ
ಎಂದು ಇಂದೇ ಹೇಳಿದರೆ ಸುಳ್ಳಾದೀತು.

ವಾಚು ವಾಪಸು ಕೊಟ್ಟೆ.
ಅಟೆಂಡರ್ ಜವರಯ್ಯ ತಿರುಗಿಸಿ ಮುರುಗಿಸಿ
ಗುಂಡಿಯ ಮೇಲಿನ ಕರಿ ಹೆಬ್ಬೆಟ್ಟನ್ನು
ಅಂಗಿಯ ಅಂಚಿನಿಂದ ತಿಕ್ಕಿದ.
"ಏನ್ರೀ ಇದು, ಹೋಗ್ತಾನೇ ಇಲ್ಲ," ಎಂದ.