ಇಪ್ಪತ್ತೆಂಟನೆಯ ದಿನ

ಒಂದು, ಮೂರು, ಏಳು, ಇಪ್ಪತ್ತೆಂಟು.
ಬಾಣಂತಿಯ ದಿನ ಎಣಿಸಿದ ಹಾಗೆ
ಎಣಿಸುತ್ತೇನೆ, ಸೇಡಂನ ಈ ಪ್ರಯೋಗಾಲಯದ
ನೀರಿನ ತೊಟ್ಟಿಯಲ್ಲಿ ಮುಳುಗಿ ಕೂತ ಕ್ಯೂಬುಗಳನ್ನು.

ಬೀದರ ಕಡೆಯ ಕೆಂಗಲ್ಲಿನ ಅಡಿಯಿಂದ ಬಂತು ಜೇಡಿ,
ಬಿಳಿಯ ಮೈ, ಅಲ್ಲಲ್ಲಿ ಕೆಂಪು ನರ.
ಮಳೆಯಲ್ಲಿ ಲಾರಿಯ ಗಾಲಿ ನುಂಗುತ್ತಿತ್ತಂತೆ,
ಬೇಸಗೆಯಲ್ಲಿ ಹಿಮ್ಮಡಿಯಂತೆ ಸೀಳುತ್ತಿತ್ತಂತೆ.
ಅಲ್ಲಿ ಯಾರಿಗೂ ಬೇಡವಾದದ್ದು, ಮೂರು ಚೀಲ.
"ಸುಡು, ಅರೆ, ಸಿಮೆಂಟಿನಾಗ ಕೂಡಿಸು"
ಅಂದರು ತಸ್ಲೀಮಾ ಮೇಡಂ,
ಅಡುಗೆ ಹೇಳಿಕೊಟ್ಟಷ್ಟು ಸಲೀಸಾಗಿ.

ಸುಡುವುದು ನನಗೆ ಕಲಿಸಬೇಕೇ?
ನಾನು ಕುಂಬಾರರವಳು.
ಅಪ್ಪ ಆವಿಗೆ ಬಿಚ್ಚಿದ ದಿನ
ಒಂದೊಂದು ಗಡಿಗೆಗೂ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ.
ಠಣ್ ಅಂದದ್ದು ಸಂತೆಗೆ,
ಬದ್ ಅಂದದ್ದು ಬೇಲಿಯಾಚೆಗೆ.
ಅರೆಬೆಂದ ಚೂರಿನ ಗುಡ್ಡೆ
ಹಿತ್ತಲಲ್ಲಿ ನನಗಿಂತ ಬೇಗ ಬೆಳೆಯಿತು.

ಹಾಗಾಗಿ ಮೊದಲ ಸಲ
ವಿದ್ಯುತ್ ಕುಲುಮೆಗೆ ಸಾವಿರದ ನೂರು ಡಿಗ್ರಿ ಕೊಟ್ಟೆ.
ಬೆಳಿಗ್ಗೆ ತೆಗೆದು ಬಡಿದೆ: ಠಣ್!
ನನಗೆ ನಾನೇ ಶಹಭಾಸ್ ಅಂದುಕೊಂಡು
ಅರೆದು, ಕಲಸಿ, ಅಚ್ಚಿಗೆ ತುಂಬಿದೆ.

ಏನೂ ಮಾಡಲಿಲ್ಲ ಅದು.
ಸಿಮೆಂಟಿನ ಮನೆಯಲ್ಲಿ ಉಂಡು ಬಂದ ನೆಂಟನಂತೆ
ಕೈಕಟ್ಟಿ ಕೂತಿತ್ತು.
ಒತ್ತುಯಂತ್ರದ ಮುಳ್ಳು ಅರ್ಧಕ್ಕೇ ಮರಳಿತು.
"ಕೊಂದಿ ನೀ ಅದನ್ನ" ಅಂದರು ಮೇಡಂ.
"ಇದು ಗಡಿಗಿ ಅಲ್ಲ, ಗಟ್ಟಿ ಆಗೂದು ಬ್ಯಾಡ.
ಹಸಿದಿರಬೇಕು."

ಏಳುನೂರ ಐವತ್ತು.
ಹಸಿತನ ಎಂದೋ ನೂರಕ್ಕೇ ಹಾರಿಹೋಗಿತ್ತು,
ಈಗ ಹೋದದ್ದು ಮಣ್ಣು ತನ್ನ ಎಲುಬಿನೊಳಗೆ
ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ನೀರು.
ಪದರ ಪದರ ಸಾಲು ತಪ್ಪಿ ಬಿತ್ತು,
ಮಣ್ಣೂ ಅಲ್ಲ, ಇಟ್ಟಂಗಿಯೂ ಅಲ್ಲ.
ನಾಲಿಗೆಗೆ ಮುಟ್ಟಿಸಿದೆ. ಅಂಟಿಕೊಂಡಿತು, ಬಿಡಲೊಲ್ಲದು.
ಬಡಿದೆ. ಬದ್.

ಸಿಮೆಂಟು ಬಿಗಿಯುವಾಗ
ಉಂಡವರ ಎಲೆಯಲ್ಲಿ ಅನ್ನ ಉಳಿದಂತೆ ಸುಣ್ಣ ಉಳಿಯುತ್ತದೆ,
ಗೋಡೆಗೆ ಅದರಿಂದ ಲಾಭವಿಲ್ಲ.
ಹಸಿದ ಜೇಡಿ ಆ ಎಲೆಯ ಮುಂದೆ ಕೂತು
ಅಗುಳೂ ಬಿಡದೆ ತಿಂದು
ತಾನೇ ಗೋಡೆಯಾಗುತ್ತದೆ, ನಿಧಾನಕ್ಕೆ.

ಗಾರೆ ಕೆಲಸದ ಮೋನಪ್ಪ ಕಲಸಿ ನೋಡಿ ಮುಖ ಕಿವುಚಿದ.
"ಬಾಳ ನೀರ ಕುಡೀತದ ತಾಯಿ.
ಮ್ಯಾಲ ಈ ಬಣ್ಣ! ಇಟ್ಟಂಗಿ ಪುಡಿ ಹಾಕ್ಯಾರ ಅಂತಾರ ಮಂದಿ."
ನಮ್ಮ ಓಣಿಯ ಹಾಳು ಬಾವಿಗೆ ಕರೆದೊಯ್ದೆ.
ಮೆಟ್ಟಿಲ ಹಳೆಯ ಗಚ್ಚಿನಲ್ಲಿ
ಜೋಳದ ನುಚ್ಚಿನಷ್ಟು ಕೆಂಪು ಕಾಳು.
"ಇದೂ ಇಟ್ಟಂಗಿ ಪುಡೀನೇ."
ಕರಣಿಯ ಮೂಲೆಯಿಂದ ಕೆರೆದ.
ಕರಣಿ ಬಾಗಿತು, ಗಚ್ಚು ಬಿಡಲಿಲ್ಲ.
"ಅದು ಆಗಿನ ಮಂದಿ ಕೆಲಸ" ಅಂದು
ಬೀಡಿ ಹಚ್ಚಿದ.

ಮೂರನೆಯ ದಿನ ಸೋತಿತು.
ಏಳಕ್ಕೆ ಸರಿಸಮ ಅನ್ನಬಹುದು, ಕಣ್ಣು ಕಿರಿದು ಮಾಡಿದರೆ.
ಇಪ್ಪತ್ತೆಂಟರಂದು ಮುಳ್ಳು ಏರಿತು,
ಏರಿತು, ಪಕ್ಕದ ಬರಿ ಸಿಮೆಂಟಿನ ಅಂಕಿ ದಾಟಿತು,
ನಾನು ಉಸಿರು ಬಿಡುವ ಮೊದಲು
ಕ್ಯೂಬು ಕಟ್ ಅಂತ ಸೀಳಿತು.
ಮೇಡಂ ಕನ್ನಡಕ ಒರೆಸಿ ಮತ್ತೆ ಓದಿದರು.

ಆ ರವಿವಾರವೇ ಹಿತ್ತಲ ಗುಡ್ಡೆ ಅಗೆದೆ.
ಮೂವತ್ತು ವರ್ಷದ ಬದ್ ಬದ್ ಚೂರುಗಳು.
"ಒಡದದ್ದಕ್ಕೂ ಪರೀಕ್ಷಿನಾ?" ನಕ್ಕ ಅಪ್ಪ,
ಆಮೇಲೆ ದನಿ ತಗ್ಗಿಸಿ,
"ಕಿಲೋಕ್ಕ ಎಷ್ಟ ಕೊಡ್ತಾರ?"

ತೊಟ್ಟಿಯಲ್ಲೀಗ ಇನ್ನೂ ಮೂರು ಕ್ಯೂಬು.
ಮೇಲೆ ಮೊಳೆಯಿಂದ ಗೀಚಿದ್ದೇನೆ 'ಭೀ' ಅಂತ,
ಭೀಮಶಾ, ಅಪ್ಪನ ಹೆಸರು.
ರಿಜಿಸ್ಟರಿನಲ್ಲಿ ಅವಕ್ಕೆ ಸಾಲಿಲ್ಲ.
ತೊಂಬತ್ತನೆಯ ದಿನ ತೆಗೆಯುತ್ತೇನೆ.