ನಾಕನೇ ಕೋಣೆಯ ಪತ್ರ

ಮೋಟೆಬೆನ್ನೂರು ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ಮೂವತ್ತು ಸಾವಿರ ಚೀಲ ಮೆಣಸಿನಕಾಯಿ ಮಲಗಿದೆ
ಆರು ಡಿಗ್ರಿಯ ಕತ್ತಲಲ್ಲಿ.
ಹೊರಗೆ ಬ್ಯಾಡಗಿಯ ಏಪ್ರಿಲ್.

ಅರ್ಧ ತಾಸಿಗೊಮ್ಮೆ ಕ್ರಾನ್ ಏಳುತ್ತದೆ,
ಆರೂ ಕೋಣೆಯ ನಾಡಿ ಹಿಡಿದು ನೋಡುತ್ತದೆ,
ಏರುಪೇರಿದ್ದರೆ ಎರಡು ಸಾಲು ಬರೆಯಬೇಕು.
ಮೂರು ವರ್ಷದಿಂದ ಒಂದು ಸಾಲೂ ಬಂದಿಲ್ಲ.
"ಅಂದ್ರ ಎಲ್ಲಾ ಚಲೋ ಐತಿ" ಅಂದರು ಸಾವಕಾರರು,
ಎಲೆಗೆ ಸುಣ್ಣ ಹಚ್ಚುತ್ತ.

ನನಗೆ ಅನುಮಾನ.
ಲಾಗ್ ಬಿಚ್ಚಿದೆ. ಮೇಲಿಂದ ಕೆಳತನಕ ಒಂದೇ ಮಾತು:
ಅಂಚೆಯವನಿಲ್ಲ, ಬರೆದದ್ದನ್ನು ಎಸೆಯುತ್ತಿದ್ದೇನೆ.
ಅಂಚೆಯವನಿಲ್ಲ, ಎಸೆಯುತ್ತಿದ್ದೇನೆ.
ಸಿಟ್ಟಿಲ್ಲ, ದೂರಿಲ್ಲ, ತಾರೀಖು ಮಾತ್ರ ಬೇರೆ.

ಪೋಸ್ಟ್‌ಫಿಕ್ಸ್ ಹಾಕಿದೆ. ಊರು ದಾಟುವುದು ಬೇಡ,
ಈ ಡಬ್ಬಿಯೊಳಗೇ ಹಂಚಿದರೆ ಸಾಕು ಅಂದೆ.
ಪರೀಕ್ಷೆಗೊಂದು ಪತ್ರ: "ಬಂತೇನು?"
ಬರಲಿಲ್ಲ.
ಸರತಿ ನೋಡಿದೆ, ಖಾಲಿ. ಮತ್ತೆ ಲಾಗ್.
ಹೋಗಿದೆ, ತಿರುಗಿ ಬಂದಿದೆ,
ತಿರುಗಿ ಬಂದದ್ದೂ ಬಾಗಿಲು ಸಿಗದೆ ತಿರುಗಿದೆ:
ದಾವಲಸಾಬ್ ಎಂಬ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಅಲಿಯಾಸ್ ಕಡತದ ಕೊನೆಯಲ್ಲಿ ಇನ್ನೂ ಕೂತಿತ್ತು ಆ ಸಾಲು,
ರೂಟ್‌ಗೆ ಬಂದದ್ದೆಲ್ಲ ದಾವಲಸಾಬ್‌ಗೆ.
ಸವಣೂರಿಗೆ ಫೋನು ಹಚ್ಚಿದೆ. ನಕ್ಕರು:
"ನಾ ಬಿಟ್ಟು ನಾಕು ವರ್ಷಾತಬೇ ತಂಗಿ,
ಇನ್ನೂ ನನ್ನ ಹೆಸರಿಗೇ ಬರ್ಯಾಕತ್ತೈತೇನ ಅದು?
ಅಳಿಸಬ್ಯಾಡ. ಮುಂದೊಂದು ಹ್ಯಾಷ್ ಹಾಕು,
ಹೊಲಕ್ಕ ಮುಳ್ಳ ಬೇಲಿ ಇಟ್ಟಂಗ. ಕೆಳಗ ನಿಂದ ಬರಿ."
ಬರೆದೆ.
ನ್ಯೂಅಲಿಯಾಸಸ್ ಅಂತ ಒಂದು ಮಾತು ಕೂಗಿ ಹೇಳದಿದ್ದರೆ
ಬರೆದದ್ದು ಕಾಗದದ ಮೇಲಷ್ಟೇ ಅನ್ನುವುದು
ನೆನಪಾಗುವಷ್ಟರಲ್ಲಿ ಚಹಾ ಆರಿತ್ತು.

ಮರುದಿನ ಮುಂಜಾನೆ ತೆರೆಯ ಮೇಲೆ: ನಿಮಗೆ ಪತ್ರ ಬಂದಿದೆ.
ನಾಕನೇ ಕೋಣೆ. ಬಾಗಿಲು ತೆರೆದಿದೆ. ರಾತ್ರಿ ಎರಡೂವರೆ.
ಅದರ ಮರುದಿನವೂ. ಎರಡೂವರೆ.

ಮೂರನೇ ರಾತ್ರಿ ನಾನೇ ಕಾಯುತ್ತ ಕೂತೆ.
ಗುತ್ತೆವ್ವ.
ದಿನವಿಡೀ ತೊಟ್ಟು ಬಿಡಿಸಿದ ಕೈ,
ಕೊಬ್ಬರಿ ಎಣ್ಣೆಗೂ ಮಜ್ಜಿಗೆಗೂ ಬಗ್ಗದ ಉರಿ;
ಬಾಗಿಲು ಒಂದು ಗೇಣು ಸರಿಸಿ
ಎರಡೂ ಕೈ ಒಳಗೆ ಚಾಚಿ ನಿಂತಿದ್ದಳು ಕಣ್ಣು ಮುಚ್ಚಿ,
ಬಳೆಗಾರನ ಮುಂದೆ ಅಳತೆಗೆ ಕೈ ಕೊಟ್ಟವಳ ಹಾಗೆ.

"ಮೂರು ವರ್ಷಾತ್ರಿ ಮೇಡಂ" ಅಂದಳು,
"ಯಾರೂ ಏನೂ ಅಂದಿದ್ದಿಲ್ಲ."
ಅಂದಿತ್ತು, ಗುತ್ತೆವ್ವ.
ದಿನಾ ರಾತ್ರಿ ಅಂದಿತ್ತು.

ಈಗ ಆ ಬಾಗಿಲ ಹೊರಗೆ ಒಂದು ಬಕೀಟು,
ಮಧ್ಯಾಹ್ನವೇ ಒಳಗಿಟ್ಟು ತಣಿಸಿದ ನೀರು.
ಪತ್ರ ನಿಂತಿವೆ. ಹೇಳುವುದಿಲ್ಲದಿದ್ದರೆ ಕ್ರಾನ್ ಬರೆಯುವುದಿಲ್ಲ.
ಆದರೂ ಸೋಮವಾರಕ್ಕೊಮ್ಮೆ ನನಗೆ ನಾನೇ ಕಳಿಸುತ್ತೇನೆ: "ಬಂತೇನು?"
ಸುಮ್ಮನೆ ಕೂತಿದೆಯೋ, ಮತ್ತೆ ಎಸೆಯಹತ್ತಿದೆಯೋ
ತಿಳಿಯಬೇಕಲ್ಲ.

ಆ ಮೊದಲಿನ ಎರಡು ಪತ್ರ ಸಾವಕಾರರಿಗೆ ತೋರಿಸಿಲ್ಲ.
ಅಳಿಸಿಯೂ ಇಲ್ಲ.