ಕೈ ಕಟ್ಟಬಾರದು

ಆಗಸ್ಟಿನಲ್ಲಿ ಶುರುವಾಗುವ ಶಾಲೆ ಎಲ್ಲಿಯಾದರೂ ಉಂಟಾ
ಅಂತ ಉಡುಪಿಯ ಕಚೇರಿಯ ಸಾಹೇಬರು ಕೇಳಿದರು.
ಮಲ್ಪೆಯಲ್ಲಿ ಉಂಟು, ಅಂದಳು ಜಲಜಕ್ಕ.
ದೋಣಿಗಳು ಕಡಲಿಗಿಳಿದ ಮೇಲಷ್ಟೇ
ಬಲೆಯ ಶೆಡ್ಡು ಖಾಲಿಯಾಗುವುದು, ಸಾರ್.
ಅಲ್ಲಿಯವರೆಗೆ ಮಕ್ಕಳನ್ನು ಕೂರಿಸಲಿಕ್ಕೆ
ನನ್ನ ಮಡಿಲೊಂದೇ. ಅದರಲ್ಲಿ ಐದು ಜನ ಹಿಡಿಸುವುದಿಲ್ಲ.

ಎಂಬತ್ತಾರನೇ ಇಸವಿ. ಬಾಡಿಗೆ ಅರವತ್ತು ರೂಪಾಯಿ,
ಮೂವತ್ತು ಅಕ್ಕನ ಬಾಲವಾಡಿಯ ಸಂಬಳದ್ದು,
ಮೂವತ್ತು ನನ್ನದು.
ನಾನು 'ಕಡಲಮ್ಮ'ದ ಎಂಜಿನ್ ಡ್ರೈವರ್,
ಹನ್ನೊಂದು ವರ್ಷ ಡೀಸೆಲಿನ ಗದ್ದಲದ ಬದಿಯಲ್ಲಿ ನಿಂತು
ಎಡಗಿವಿಯನ್ನು ಕಡಲಿಗೇ ಬಿಟ್ಟುಬಂದವನು.
ಬೆಂಚಿರಲಿಲ್ಲ; ಮೀನಿನ ಪೆಟ್ಟಿಗೆ ಬೋರಲು ಹಾಕಿದೆವು.
ಎಷ್ಟು ತೊಳೆದರೂ ಬಂಗುಡೆ ಹೋಗಲಿಲ್ಲ.
ಪುಸ್ತಕಗಳನ್ನು ಮೊದಲು ಮೂಸಿ ಓದಿದ್ದು ಬೆಕ್ಕುಗಳು.

ರಿಜಿಸ್ಟರಿನಲ್ಲಿ 'ಮಾತೃಭಾಷೆ' ಅಂತ ಒಂದು ಕಾಲಂ.
ನಫೀಸಳ ಅಮ್ಮ ಬ್ಯಾರಿ ಅಂದಳು,
ಐರಿನಳ ಅಪ್ಪ ಕೊಂಕಣಿ ಅಂದ.
ಅಕ್ಕನ ಮಗ ಯೋಗೀಶ,
ಕಿವಿಯ ಬುಡದಲ್ಲಿ ಗರ್ನಾಲು ಒಡೆದರೂ ಬೆಚ್ಚದ ಹುಡುಗ,
ಅವನ ಮನೆಯಲ್ಲಿ ತುಳು, ಅಂದರೆ ನಮ್ಮ ಮನೆಯಲ್ಲಿ.
ಅಕ್ಕ ಪೆನ್ನು ಊರಿದಳು, ಬರೆಯಲಿಲ್ಲ.
ತಾಯಿಯ ಹತ್ತಿರ ಉಂಟು,
ಮಗುವಿಗೆ ತಲುಪಲಿಲ್ಲ,
ತಲುಪದ್ದನ್ನು ಮಗುವಿನದು ಅಂತ ಹೇಗೆ ಬರೆಯುವುದು?
ಇವತ್ತಿಗೂ ಅಲ್ಲಿ ಒಂದು ಶಾಯಿಯ ಚುಕ್ಕೆ ಮಾತ್ರ.

ತರಬೇತಾದವರೇ ಬೇಕೆಂದು ಕಾಯಿದೆ.
ಮೈಸೂರಿನಿಂದ ಶ್ರೀಕಂಠಯ್ಯ ಮಾಸ್ತರರು ಬಂದರು.
ಒಳ್ಳೆಯವರು. ಮೂಗಿಗೆ ಕರವಸ್ತ್ರ ಹಿಡಿದರೇ ಹೊರತು
ಒಂದು ದಿನ ರಜೆ ಹಾಕಿದವರಲ್ಲ.
ಅವರ ಮೀಸೆಯಡಿ ತುಟಿ ಹುಡುಕುತ್ತ ಯೋಗೀಶ ಬಗ್ಗಿದ್ದು ಕಂಡು
ಮಾರನೇ ದಿನ ಮೀಸೆ ಬೋಳಿಸಿ ಬಂದರು, ಮಾರಾಯ್ರೆ,
ಇಪ್ಪತ್ತು ವರ್ಷದ ಮೀಸೆ!
ಆದರೆ ಪಾಠ ಅದೇ: ತುಟಿ ನೋಡಿ. ಕೈ ಕಟ್ಟಿ.
ನಾವೂ ಅ ಆ ಇ ಈಗಿಂತ ಮೊದಲು ಕಲಿತದ್ದು ಅದನ್ನೇ ತಾನೆ,
ಕೈ ಕಟ್ಟು, ಬಾಯಿ ಮುಚ್ಚು.
ಇಲ್ಲಿ ಎರಡನ್ನು ಹೇಳಬೇಕಾಗಿರಲಿಲ್ಲ,
ಒಂದು ಕಟ್ಟಿದರೆ ಇನ್ನೊಂದು ತಾನಾಗಿ ಮುಚ್ಚಿತು.

ಅಪ್ಪ ಅನ್ನಿ, ಅಮ್ಮ ಅನ್ನಿ.
ಕನ್ನಡಿಯೆದುರು ನಿಂತು ದನಿಯಿಲ್ಲದೆ ಅನ್ನಿ.
ತುಟಿಗೆ ಎರಡೂ ಒಂದೇ.
ಮೂರು ವಾರ ಆ ಮಕ್ಕಳು
ಯಾರನ್ನು ಕರೆಯುತ್ತಿದ್ದೇವೆಂದು ತಿಳಿಯದೆ ಕರೆದವು.

ತೂಫಾನಿನ ಸೂಚನೆ ಬಂದು ದೋಣಿ ಕಟ್ಟಿದ್ದ ದಿನ
ನಾನು ಶೆಡ್ಡಿನ ಬಾಗಿಲಿಗೆ ಹೋದೆ.
ಒಳಗಿದ್ದ ಅಕ್ಕನಿಗೆ ಅಭ್ಯಾಸಬಲದಿಂದ
ದೋಣಿಯ ಮಾತು ಆಡಿದೆ.
ಎಂಜಿನ್ ಬೊಬ್ಬೆಯಲ್ಲಿ ತಾಂಡೇಲನ ದನಿ ಯಾರಿಗೆ ಕೇಳುತ್ತದೆ?
ಮುಷ್ಟಿ ಎತ್ತಿದರೆ ನಿಲ್ಲಿಸು.
ಅಂಗೈ ತಿರುಗಿಸಿದರೆ ಬಲೆ ಎಳೆ.
ಕಣ್ಣಿಗೆ ಎರಡು ಬೆರಳು: ನೋಡು, ಅಲ್ಲಿ.
ಐದು ಜೊತೆ ಕಣ್ಣು ನನ್ನ ಕೈಗೆ ಸಿಕ್ಕಿಕೊಂಡವು.
ನಫೀಸ ಮೆಲ್ಲ ಕಂಕುಳಿಂದ ಕೈ ಬಿಡಿಸಿದಳು,
ಪಕ್ಕದ ಐರಿನಳ ಕಡೆ ತಿರುಗಿದಳು:
ಎರಡು ಬೆರಳು. ಮಾಸ್ತರರತ್ತ ಗಲ್ಲ. ಮುಷ್ಟಿ.
'ನೋಡ್ತಿದ್ದಾರೆ, ನಿಲ್ಲಿಸು.'

ಅದು ನಮ್ಮ ಶಾಲೆಯ ಮೊದಲ ವಾಕ್ಯ.

ಮಾಸ್ತರರು ಬೈಯಲಿಲ್ಲ.
ಹೊರಗೆ ಹೋಗಿ ಐಸ್ ಫ್ಯಾಕ್ಟರಿಯ ಗೋಡೆಗೊರಗಿ
ಬಹಳ ಹೊತ್ತು ನಿಂತರು.
ಮರುದಿನ ಅಕ್ಕ ಹಲಗೆಯ ಮೇಲೆ
'ಇಲ್ಲಿ ಯಾರೂ ಕೈ ಕಟಬಾರದು' ಅಂತ ಬರೆದಳು,
ಅವಸರದಲ್ಲಿ ಒತ್ತು ಬಿಟ್ಟಿದ್ದಳು.
ಮಾಸ್ತರರು ಎದ್ದು ಸೀಮೆಸುಣ್ಣ ತೆಗೆದುಕೊಂಡು
ಒತ್ತು ಕೊಟ್ಟರು. ಬೇರೇನೂ ಹೇಳಲಿಲ್ಲ.

ಆಮೇಲಿನದ್ದು ಸಾಮಾನ್ಯ ಸಂಗತಿ:
ಅರ್ಜಿ, ಸೋರುವ ಹಂಚು, ಗಂಟೆ ಎಲ್ಲಿ ಎಂದು ಕೇಳಿದ ಇನ್ಸ್‌ಪೆಕ್ಟರು.
ಮಕ್ಕಳು ನನಗೆ ಹೆಸರಿಟ್ಟರು,
ಎಡಗಿವಿ ಹಿಡಿದು ಹ್ಯಾಂಡಲ್ ತಿರುಗಿಸುವುದು.
ಬಾಯಿಂದ ಕರೆಯಲಾಗದ ಹೆಸರು.

ಈಗ ಬಲಗಿವಿಯೂ ಹೋಯಿತು.
ಮನೆಯಲ್ಲಿ ಎಲ್ಲರೂ ನನ್ನ ಮುಖಕ್ಕೆ ಬೊಬ್ಬೆ ಹಾಕುತ್ತಾರೆ,
ಬೊಬ್ಬೆಯ ಸಿಟ್ಟು ಮಾತ್ರ ಕಾಣುತ್ತದೆ.
ಸಂಜೆ ಶಾಲೆಗೆ ಹೋಗುತ್ತೇನೆ.
ಅಲ್ಲಿ ಐರಿನ್ ಟೀಚರು,
ಕೂದಲು ನರೆತಿದೆ, ಚೌಕಾಸಿ ಬಿಟ್ಟಿಲ್ಲ.
ಬೂತಾಯಿಗೆ ಇವತ್ತು ಎಷ್ಟು, ಕೈ ಕೇಳುತ್ತದೆ.
ಹೇಳುತ್ತೇನೆ.
ಜಾಸ್ತಿಯಾಯಿತು, ಎನ್ನುತ್ತದೆ ಕೈ.